ಲಿಂಕ್ ಉಳಿಸೋದು ನಮಗೊಬ್ಬರಿಗೇ ಅಲ್ಲ

ನಮಸ್ಕಾರ ಎಲ್ರಿಗೂ. ಇವತ್ತು ಬುಕ್‌ಮಾರ್ಕ್ ಬಗ್ಗೆ ಮಾತಾಡ್ಬೇಕು ಅಂತ ಕೂತಿದೀನಿ. ಬ್ರೌಸರ್‌ನಲ್ಲಿ ಸ್ಟಾರ್ ಒತ್ತಿ ಇಟ್ಕೋತೀವಲ್ಲ, ಅದಲ್ಲ, ನಾಲ್ಕು ಜನಕ್ಕೆ ಕಾಣೋ ಹಾಗೆ ಇಡೋದು.

ಡೆಲಿಶಿಯಸ್ ಅಂತ ಲಿಂಕ್ ಉಳಿಸೋ ಸೈಟ್ ಒಂದಿತ್ತು, ನೆನಪಿದ್ಯಾ? 2003ರಲ್ಲಿ ಜೋಶುವಾ ಶಾಕ್ಟರ್ ಶುರು ಮಾಡಿದ್ದು. ಅಲ್ಲಿ ಫೋಲ್ಡರ್ ಬದಲು ಟ್ಯಾಗು. ಕಪ್ಪೆ ಅರಭಟ್ಟನ ಶಾಸನದ ಬಗ್ಗೆ ಒಂದು ಲೇಖನ ಸಿಕ್ತು ಅನ್ಕೊಳ್ಳಿ, ಅದು ಇತಿಹಾಸನೂ ಹೌದು, ತ್ರಿಪದಿನೂ ಹೌದು, ಬಾದಾಮಿನೂ ಹೌದು, ಮೂರೂ ಹಾಕ್ಬಹುದು, ಯಾವ ಡಬ್ಬಿಗೆ ತುಂಬ್ಲಿ ಅನ್ನೋ ತಲೆನೋವಿಲ್ಲ. ಆದ್ರೆ ನನಗೆ ಹಿಡಿಸಿದ್ದು ಬೇರೆ. ನಾನು ಉಳಿಸಿದ ಪುಟವನ್ನೇ ಇನ್ನೂ ಯಾರ್ಯಾರು ಉಳಿಸಿದಾರೆ ಅಂತ ಅಲ್ಲಿ ಕಾಣ್ತಿತ್ತು, ಅವರ ಹೆಸರು ಒತ್ತಿದ್ರೆ ಅವರ ಇಡೀ ಕಪಾಟು ತೆರ್ಕೊಳ್ತಿತ್ತು, ಮುಖಾನೇ ನೋಡಿರದ ಯಾರೋ ಒಬ್ರು ವರ್ಷಗಟ್ಲೆ ಓದಿ ಆರಿಸಿಟ್ಟಿದ್ದು ನಮ್ಮ ಕಣ್ಮುಂದೆ.

2005ರಲ್ಲಿ ಅದನ್ನ ಯಾಹೂ ಕೊಂಡ್ಕೊಂಡ್ತು. 2011ರಲ್ಲಿ ಯೂಟ್ಯೂಬ್ ಕಟ್ಟಿದವರ ಕೈಗೆ ಹೋಯ್ತು, ಅವರು ಹೊಸದಾಗಿ ಬಿಟ್ಟಾಗ ಟ್ಯಾಗಲ್ಲಿ ಓರೆಗೆರೆ (/) ಇದ್ರೆ ಹುಡುಕೋಕೇ ಆಗ್ತಿರ್ಲಿಲ್ಲ. ಇದೇನ್ ಮಹಾ ಅನ್ಸುತ್ತೆ, ಆದ್ರೆ ಫ್ಯಾನ್ ಫಿಕ್ಷನ್, ಅಂದ್ರೆ ಇಷ್ಟದ ಪಾತ್ರಗಳನ್ನಿಟ್ಕೊಂಡು ಅಭಿಮಾನಿಗಳೇ ಬರೆಯೋ ಕಥೆ, ಓದೋರು ಎರಡು ಪಾತ್ರಗಳ ಹೆಸರಿನ ಮಧ್ಯೆ ಅದೇ ಗೆರೆ ಹಾಕಿ ಸಾವಿರಾರು ಕಥೆ ಜೋಡಿಸಿಟ್ಟಿದ್ರು. ಅವರೆಲ್ಲ ಪಿನ್‌ಬೋರ್ಡ್ ಅನ್ನೋ ಇನ್ನೊಂದು ಬುಕ್‌ಮಾರ್ಕ್ ಸೈಟ್ ಕಡೆ ಹೋದ್ರು. ಅದನ್ನ ನಡೆಸೋ ಮಾಚೇ ಚೆಗ್ಲೋವ್ಸ್ಕಿ ನಿಮಗೇನೇನ್ ಬೇಕು ಹೇಳಿ ಅಂದಾಗ ಎಲ್ರೂ ಕೂಡಿ ಪುಟಗಟ್ಲೆ ಬರೆದು ಕೊಟ್ರು. ಕೊನೆಗೆ 2017ರಲ್ಲಿ ಚೆಗ್ಲೋವ್ಸ್ಕಿಯವರೇ ಡೆಲಿಶಿಯಸ್ಸನ್ನ 35,000 ಡಾಲರಿಗೆ ಕೊಂಡ್ಕೊಂಡ್ರು. 2025ರ ಜುಲೈಲಿ, ಲಿಂಕ್ ಉಳಿಸಿಟ್ಟು ಆಮೇಲೆ ಓದೋಕೆ ಇದ್ದ ಪಾಕೆಟ್ಟೂ ಮುಚ್ಚಿಹೋಯ್ತು.

ನನಗೂ ಹೀಗೇ ಆಗಿದೆ. ನಾನು ಬಳಸ್ತಿದ್ದ ಒಂದು ಸೈಟು ನಿಂತ್ಹೋಯ್ತು, ಮೇಲ್ ನೋಡೋ ಹೊತ್ತಿಗೆ ತಡ ಆಗಿತ್ತು, ಆರು ವರ್ಷ ಕೂಡಿಸಿದ್ದೆಲ್ಲ ಹೋಯ್ತು. ತುಂಬಾ ನೋವಾಯ್ತು, ಈಗಲೂ ಇದೆ. ಅದಕ್ಕೇ ಹೇಳ್ತಿರೋದು, ಎಲ್ಲಿ ಉಳಿಸಿದ್ರೂ ತಿಂಗಳಿಗೊಂದ್ಸಲ ಎಕ್ಸ್‌ಪೋರ್ಟ್ ಮಾಡಿ ಫೈಲ್ ಇಟ್ಕೊಳ್ಳಿ. ಪುಟವನ್ನ, ವೆಬ್ ಪುಟಗಳ ನಕಲು ಕಾಪಾಡಿಡೋ ವೇಬ್ಯಾಕ್ ಮಷೀನ್‌ಗೂ ಸೇರಿಸಿ, ಯಾಕಂದ್ರೆ 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದ ಹಾಗಾಗಿವೆ ಅಂತ ಅಮೆರಿಕದ ಪ್ಯೂ ರಿಸರ್ಚ್ ಸಂಸ್ಥೆ 2024ರಲ್ಲಿ ಲೆಕ್ಕ ಕೊಟ್ಟಿದೆ.

ಈಗ ಕನ್ನಡದ ವಿಷ್ಯ. ನಾವೆಲ್ಲ ಒಳ್ಳೆ ಲಿಂಕ್ ಸಿಕ್ರೆ ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ, ಸಂಜೆ ಹೊತ್ತಿಗೆ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಅದು ಹೂತ್ಹೋಗಿರುತ್ತೆ, ಗ್ರೂಪಲ್ಲಿ ಇಲ್ದೋರಿಗೆ ಅದು ಇತ್ತು ಅಂತಾನೇ ಗೊತ್ತಾಗಲ್ಲ. ಇನ್ನೊಂದು ಏನಪ್ಪ ಅಂದ್ರೆ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡೋ ಯೂನಿಕೋಡ್‌ಗಿಂತ ಮುಂಚೆ ಹಳೇ ಫಾಂಟಲ್ಲಿ ಹಾಕಿದ ಕನ್ನಡ ಪುಟಗಳಿವೆಯಲ್ಲ, ಅವು ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ, ಕನ್ನಡದಲ್ಲಿ ಹುಡುಕಿದ್ರೆ ಬರೋದೇ ಇಲ್ಲ, ಒಬ್ಬ ಮನುಷ್ಯ ಓದಿ, ಕನ್ನಡದಲ್ಲಿ ಟ್ಯಾಗ್ ಹಾಕಿ, ಇದು ಯಾಕೆ ಚೆನ್ನಾಗಿದೆ ಅಂತ ಎರಡು ಸಾಲು ಬರೆದಿಟ್ರೆ ಮಾತ್ರ ಇನ್ನೊಬ್ರ ಕೈಗೆ ಸಿಗುತ್ತೆ. ಟ್ಯಾಗ್ ಹಾಕುವಾಗ ಹಳಗನ್ನಡ, ಹಳೆಗನ್ನಡ ಎರಡೂ ಹಾಕಿ, ಜನ ಎರಡೂ ಥರ ಬರೀತಾರೆ.

ನಾನೀಗ ರೇನ್‌ಡ್ರಾಪ್ ಅನ್ನೋ ಬುಕ್‌ಮಾರ್ಕ್ ಸೈಟಲ್ಲಿ ಪಬ್ಲಿಕ್ ಪಟ್ಟಿ ಮಾಡಿದೀನಿ, ಡಿಸ್ಕ್ರಿಪ್ಷನ್‌ನಲ್ಲಿ ಲಿಂಕಿದೆ. ತಂಬುಳಿ ಅನ್ನೋ ಟ್ಯಾಗಲ್ಲಿ ಸದ್ಯಕ್ಕೆ 11 ಪುಟ ಅಷ್ಟೇ. ಒಂದೆಲಗದ ತಂಬುಳಿ ಬಗ್ಗೆ ಒಬ್ಬರು ಅಜ್ಜಿ ಹೇಳಿ ಬರೆಸಿದ್ದ ಪುಟ ಒಂದಿತ್ತು, ಕಳ್ಕೊಂಡಿದ್ರಲ್ಲಿ ಅದೂ ಒಂದು, ಎಷ್ಟ್ ಹುಡುಕಿದ್ರೂ ಸಿಗ್ತಿಲ್ಲ. ನಿಮ್ಮಲ್ಲಿ ಯಾರಾದ್ರೂ ಉಳಿಸಿಟ್ಟಿದ್ರೆ ದಯವಿಟ್ಟು ಕಳಿಸ್ತೀರಾ?