ಐವರ ಗೋಡೆ ಕಟ್ಟಿದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ನೋಡುವಾಗ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಅಲ್ವಾ? ಕ್ವಾರ್ಟರ್‌ಬ್ಯಾಕ್ ಎಸೆದ, ಯಾರೋ ಹಿಡಿದ, ಜನ ಎದ್ದು ಕುಣಿದರು. ಎಸೆಯುವುದಕ್ಕೆ ಮುಂಚಿನ ಎರಡು ಮೂರು ಸೆಕೆಂಡು ಯಾರಿಗೂ ನೆನಪಿರುವುದಿಲ್ಲ. ಆ ಎರಡು ಮೂರು ಸೆಕೆಂಡು ಗಳಿಸಿಕೊಡುವುದನ್ನೇ ವೃತ್ತಿ ಮಾಡಿಕೊಂಡ ಒಬ್ಬರ ಬಗ್ಗೆ ಇವತ್ತು ಹೇಳುತ್ತೇನೆ. ಹೆಸರು ಡಾಂಟೆ ಸ್ಕಾರ್ನೆಕಿಯಾ. ಆಟಗಾರರು ಕರೆಯುತ್ತಿದ್ದದ್ದು ಸ್ಕಾರ್ ಅಂತ.

ಇವರು 1948ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಕಾಲೇಜು ತಂಡಗಳಲ್ಲಿ ಕಲಿಸುತ್ತಾ ಬಂದು, 1982ರಲ್ಲಿ ಮುಖ್ಯ ಕೋಚ್ ರಾನ್ ಮೇಯರ್ ಜೊತೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿದರು. ನಡುವೆ ಎರಡು ವರ್ಷ ಇಂಡಿಯಾನಾಪೊಲಿಸ್ ತಂಡಕ್ಕೆ ಹೋಗಿ ಬಂದರು. ಮುಖ್ಯ ಕೋಚ್‌ಗಳು ಒಬ್ಬರ ಹಿಂದೆ ಒಬ್ಬರು ಬದಲಾದರು: ಮೇಯರ್, ಬೆರ್ರಿ, ಮ್ಯಾಕ್‌ಫರ್ಸನ್, ಪಾರ್ಸೆಲ್ಸ್, ಕ್ಯಾರಲ್, ಬೆಲಿಚಿಕ್. ಹೊಸ ಕೋಚ್ ಬಂದರೆ ಹಳೆಯ ಸಹಾಯಕರನ್ನು ಮನೆಗೆ ಕಳಿಸುವುದು ಅಲ್ಲಿ ಮಾಮೂಲು. ಸ್ಕಾರ್ ಮಾತ್ರ ಇವರೆಲ್ಲರ ಕೈಕೆಳಗೂ ಕೆಲಸ ಮಾಡಿದರು. ಪೇಟ್ರಿಯಟ್ಸ್‌ನಲ್ಲೇ 34 ಸೀಸನ್!

1999ರಿಂದ ಇವರ ಪಾಲಿಗೆ ಬಂದದ್ದು ಆಫೆನ್ಸಿವ್ ಲೈನ್, ಅಂದರೆ ಚೆಂಡು ತಮ್ಮ ತಂಡದ ಕೈಲಿದ್ದಾಗ ಮುಂದೆ ನಿಲ್ಲುವ ಐವರ ಸಾಲು. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡು ತುದಿಯಲ್ಲಿ ಟ್ಯಾಕಲ್‌ಗಳು. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಉಳಿದ ನಾಲ್ವರಿಗೆ ಸಾಮಾನ್ಯವಾಗಿ ಪಂದ್ಯ ಮುಗಿದರೂ ಚೆಂಡು ಸಿಗುವುದಿಲ್ಲ. ನುಗ್ಗಿ ಬರುವವರನ್ನು ತಡೆಯಬೇಕು, ಓಡುವವನಿಗೆ ದಾರಿ ಬಿಡಿಸಿಕೊಡಬೇಕು, ಅಷ್ಟೇ ಅವರ ಕೆಲಸ. ಒಬ್ಬ ತಪ್ಪು ಹೆಜ್ಜೆ ಇಟ್ಟರೆ ಉಳಿದ ನಾಲ್ವರ ಶ್ರಮ ನೀರುಪಾಲು.

ನನಗೆ ತುಂಬಾ ಇಷ್ಟವಾದದ್ದು ಸ್ಟೀಫನ್ ನೀಲ್ ಕಥೆ. ಇವನು ಕುಸ್ತಿಯವನು. 1999ರಲ್ಲಿ ಫ್ರೀಸ್ಟೈಲ್ ಕುಸ್ತಿಯ ವಿಶ್ವ ಚಾಂಪಿಯನ್. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿಯೇ ಇರಲಿಲ್ಲ. 2001ರಲ್ಲಿ ಪೇಟ್ರಿಯಟ್ಸ್ ಕರೆದುಕೊಂಡು ಬಂತು, ಸ್ಕಾರ್ ಕೈಗೆ ಒಪ್ಪಿಸಿತು.

ಗರಡಿ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಲ್ವಾನನಿಗೆ ಕಾಲು ಗಟ್ಟಿ, ಸೊಂಟ ತಗ್ಗಿಸಿ ನಿಲ್ಲುವುದು ಗೊತ್ತು. ಆದರೆ ಹಿಡಿದವನನ್ನು ಬಿಡದೆ ಎಳೆದು ಕೆಡವುವುದು ಅವನ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಹೋಲ್ಡಿಂಗ್ ಅನ್ನುವ ತಪ್ಪು, ತಂಡ 10 ಗಜ ಹಿಂದೆ ಹೋಗಬೇಕು. ಕೈ ಎದುರಾಳಿಯ ಎದೆಯ ಮೇಲೇ ಇರಬೇಕು. ಹಿಂದೆ ಸರಿಯುತ್ತಲೇ ತಡೆಯಬೇಕು. ಎದುರಿನವರು ಇದ್ದಕ್ಕಿದ್ದಂತೆ ಜಾಗ ಅದಲು ಬದಲು ಮಾಡಿದರೆ, ತನ್ನವನನ್ನು ಪಕ್ಕದವನಿಗೆ ಬಿಟ್ಟುಕೊಟ್ಟು ಹೊಸಬನನ್ನು ಹಿಡಿಯಬೇಕು. ಕುಸ್ತಿಯಲ್ಲಿ ಪಕ್ಕದವನು ಅಂತ ಇರುವುದೇ ಇಲ್ಲ! ನೀಲ್‌ಗೆ ಇದೆಲ್ಲ ಮೈಗೂಡಲು ವರ್ಷಗಳೇ ಹಿಡಿದವು. 2005ರ ಫೆಬ್ರವರಿಯಲ್ಲಿ ತಂಡ ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್, ಗೆದ್ದಾಗ ಗಾರ್ಡ್ ಜಾಗದಲ್ಲಿ ಮೊದಲಿಂದ ಆಡಿದವನು ಅವನೇ. 2010ರ ಸೀಸನ್‌ವರೆಗೂ ಆಡಿದ.

2013ರ ಸೀಸನ್ ಮುಗಿದಾಗ ಸ್ಕಾರ್ ನಿವೃತ್ತರಾದರು. ಅವರಿಲ್ಲದೆಯೂ ಮರುವರ್ಷ ತಂಡ ಸೂಪರ್ ಬೌಲ್ ಗೆದ್ದಿತು, ಅದನ್ನು ಮುಚ್ಚಿಡಬಾರದು. ಆದರೆ ಅದರ ಮುಂದಿನ ಸೀಸನ್ನಿನಲ್ಲಿ ಗೋಡೆ ಬಿರುಕು ಬಿಟ್ಟಿತು. ಗಾಯಗಳೂ ಜಾಸ್ತಿ ಇದ್ದವು. 2016ರ ಜನವರಿ 24, ಡೆನ್ವರ್ ತಂಡದ ವಿರುದ್ಧ ಅವರದೇ ಊರಿನಲ್ಲಿ, ಸೂಪರ್ ಬೌಲ್‌ಗೆ ಹಿಂದಿನ ಪಂದ್ಯ. ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಪಂದ್ಯದ ಉದ್ದಕ್ಕೂ ಪೆಟ್ಟು ತಿಂದರು. ಡೆನ್ವರ್ ಕಡೆಯಿಂದ ನುಗ್ಗಿ ಬಂದ ವಾನ್ ಮಿಲ್ಲರ್ ಅವರನ್ನು ತಡೆಯಲು ಯಾರಿಗೂ ಆಗಲಿಲ್ಲ. 20-18ರಲ್ಲಿ ಸೋಲು.

ಕೆಲವೇ ವಾರಗಳಲ್ಲಿ ತಂಡ ಸುಮಾರು 68ರ ಸ್ಕಾರ್ ಅವರನ್ನು ಮತ್ತೆ ಕರೆಯಿತು. ಅವರು ಬಂದರು. ಬಂದ ಮೊದಲ ಸೀಸನ್ನಿನಲ್ಲೇ ಸೂಪರ್ ಬೌಲ್. ಎರಡು ವರ್ಷ ಬಿಟ್ಟು ಇನ್ನೊಂದು, ಅವರ ಪಾಲಿನ ಐದನೆಯದು. ಆ 2018ರ ಸೀಸನ್ನಿನ ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಪಂದ್ಯಗಳನ್ನು, ನೋಡಿ. ಮೂರು ಪಂದ್ಯದಲ್ಲಿ ಬ್ರೇಡಿ ಸ್ಯಾಕ್ ಆದದ್ದು, ಅಂದರೆ ಚೆಂಡು ಎಸೆಯುವ ಮುಂಚೆಯೇ ಕೆಳಗೆ ಬಿದ್ದದ್ದು, ಒಂದೇ ಸಲ. ನನ್ನ ಮಟ್ಟಿಗೆ ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಆ ಐದು ಉಂಗುರಗಳಿಗಿಂತ ಆ ಒಂದು ಅಂಕಿ ದೊಡ್ಡದು.

2020ರ ಜನವರಿಯಲ್ಲಿ ಎರಡನೇ ಸಲ, ಕೊನೆಯ ಸಲ ನಿವೃತ್ತರಾದರು. 2023ರಲ್ಲಿ ಪೇಟ್ರಿಯಟ್ಸ್ ತನ್ನ ಹಾಲ್ ಆಫ್ ಫೇಮ್‌ಗೆ, ಅಂದರೆ ತಂಡದ ಗೌರವ ಪಟ್ಟಿಗೆ, ಅವರನ್ನು ಸೇರಿಸಿಕೊಂಡಿತು.

ಈಗ ಆ ಪ್ಲೇಆಫ್‌ನ ಒಂದು ತುಣುಕು ಹಾಕುತ್ತೇನೆ. ದಯವಿಟ್ಟು ಚೆಂಡು ನೋಡಬೇಡಿ. ಆ ಐವರ ಪಾದ ನೋಡಿ.