ಸೋತವರ ಪರವಾಗಿ ಬರ್ಲಿನ್‌ನಲ್ಲಿ

ಕೇಳುಗರಿಗೆ ನಮಸ್ಕಾರ.

1878ರ ಜೂನ್ 13ರಂದು ಬರ್ಲಿನ್‌ನಲ್ಲಿ ಯುರೋಪಿನ ಬಲಾಢ್ಯರೆಲ್ಲ ಸೇರಿದರು. ಅಧ್ಯಕ್ಷರು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. ಹಂಚಿಕೆಗೆ ಇಟ್ಟದ್ದು ರಷ್ಯಾದೆದುರು ಯುದ್ಧ ಸೋತಿದ್ದ ಆಟೊಮನ್ ತುರ್ಕರ ನೆಲ. ಅದರ ಪರವಾಗಿ ವಾದಿಸಲು ಸುಲ್ತಾನ ಎರಡನೆಯ ಅಬ್ದುಲ್ ಹಮೀದ್ ಕಳಿಸಿದ್ದು ಅಲೆಕ್ಸಾಂಡರ್ ಕರಾಥೆಯೊಡೋರಿ ಪಾಷಾ ಎಂಬ ಗ್ರೀಕ್ ಕ್ರೈಸ್ತರನ್ನು.

ಇದರಲ್ಲಿ ಅಚ್ಚರಿಯೇನಿಲ್ಲ. ಇಸ್ತಾಂಬುಲ್‌ನ ಗ್ರೀಕ್ ಮನೆತನಗಳು ತಲೆಮಾರುಗಳಿಂದ ಸುಲ್ತಾನರಿಗೆ ದುಭಾಷಿಗಳಾಗಿ, ರಾಯಭಾರಿಗಳಾಗಿ ದುಡಿದಿದ್ದವು. ಜೊತೆಗೆ ಹೋದ ಮೆಹಮದ್ ಅಲಿ ಪಾಷಾ ಅಂತೂ ಹುಟ್ಟಿದ್ದೇ ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ. ಬಿಸ್ಮಾರ್ಕ್ ಇವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾವು ಸೇರಿರುವುದು ತುರ್ಕರ ಸುಖಕ್ಕಲ್ಲ, ಯುರೋಪಿನ ಶಾಂತಿಗೆ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದರು. ಮುಖ್ಯ ವಿಷಯಗಳನ್ನು ಬ್ರಿಟನ್ ಮತ್ತು ರಷ್ಯಾ ಮೇ ತಿಂಗಳಲ್ಲೇ ಗುಟ್ಟಾಗಿ ಇತ್ಯರ್ಥ ಮಾಡಿಕೊಂಡಿದ್ದವು. ಸೈಪ್ರಸ್ ದ್ವೀಪವನ್ನು ಬ್ರಿಟಿಷರಿಗೆ ಬಿಟ್ಟುಕೊಡುವ ಗುಪ್ತ ಒಪ್ಪಂದವೂ ಆಗಲೇ ಆಗಿತ್ತು.

ಹೀಗೆ ತೀರ್ಪು ಮೊದಲೇ ಬರೆದಿಟ್ಟ ಸಭೆಯಲ್ಲಿ ಒಬ್ಬ ರಾಯಭಾರಿ ಏನು ಮಾಡಬಲ್ಲ? ನನ್ನ ಮಟ್ಟಿಗೆ ಕರಾಥೆಯೊಡೋರಿಯವರ ಹಿರಿಮೆ ಇರುವುದು ಇಲ್ಲೇ. ಸುಲ್ತಾನರ ಪ್ರಾಂತ್ಯವಾಗಿದ್ದ ಬೋಸ್ನಿಯಾವನ್ನು ಆಸ್ಟ್ರಿಯಾ-ಹಂಗರಿ ಆಕ್ರಮಿಸಿಕೊಳ್ಳಲಿ ಎಂಬ ಸೂಚನೆ ಬಂದಾಗ ಅವರು ವಿರೋಧಿಸಿದರು. ಒಬ್ಬರೂ ಕಿವಿಗೊಡಲಿಲ್ಲ. ಆದರೂ ಪಟ್ಟು ಬಿಡದೆ, ಒಪ್ಪಂದಕ್ಕೆ ಸಹಿ ಬಿದ್ದ ಜುಲೈ 13ರಂದೇ, ಆಸ್ಟ್ರಿಯಾದ ಮಂತ್ರಿ ಆಂಡ್ರಾಶಿಯವರಿಂದ ಒಂದು ಗುಪ್ತ ಪತ್ರ ಬರೆಸಿಕೊಂಡರು. ಸೈನ್ಯ ಬಂದರೂ ಬೋಸ್ನಿಯಾದ ಮೇಲಿನ ಸುಲ್ತಾನರ ಒಡೆತನಕ್ಕೆ ಧಕ್ಕೆಯಿಲ್ಲ, ಈ ವ್ಯವಸ್ಥೆ ತಾತ್ಕಾಲಿಕ ಎಂಬುದು ಅದರ ಸಾರ. ಸೈನ್ಯವಿಲ್ಲದವನಿಗೆ ಕಾಗದವೇ ಕೋಟೆ.

ಆಮೇಲೆ ಕೆಲಕಾಲ ವಿದೇಶಾಂಗ ಮಂತ್ರಿಯಾದರು. 1885ರಿಂದ ಸುಮಾರು ಒಂಬತ್ತು ವರ್ಷ ಸುಲ್ತಾನರ ಅಧೀನದಲ್ಲಿದ್ದ ಸಾಮೋಸ್ ದ್ವೀಪವನ್ನು ಆಳಿದರು. ಅಲ್ಲಿದ್ದಾಗಲೇ, 1891ರಲ್ಲಿ, ಪರ್ಷಿಯಾದ ಗಣಿತಜ್ಞ ನಸೀರುದ್ದೀನ್ ತೂಸಿಯ ರೇಖಾಗಣಿತ ಗ್ರಂಥವನ್ನು ಅರಬ್ಬಿ ಮೂಲದಿಂದ ಫ್ರೆಂಚಿಗೆ ತಂದರು. ರಾಜತಂತ್ರಿಯೊಬ್ಬರು ಹದಿಮೂರನೆಯ ಶತಮಾನದ ಗಣಿತದಲ್ಲಿ ಮುಳುಗಿದ್ದು ನನಗೆ ತುಂಬಾ ಪ್ರಿಯವಾದ ಸಂಗತಿ. ಈ ಒಲವು ಮನೆತನದ್ದೇ ಇರಬೇಕು: ಹೆಸರಾಂತ ಗಣಿತಜ್ಞ ಕಾನ್‌ಸ್ಟಂಟಿನ್ ಕರಾಥೆಯೊಡೋರಿ ಅವರ ಬಂಧು, ಮುಂದೆ ಅವರ ಮಗಳನ್ನು ಮದುವೆಯಾದವರು.

ಪಾಷಾ 1906ರಲ್ಲಿ ತೀರಿಕೊಂಡರು. ಎರಡು ವರ್ಷಕ್ಕೆ ಆಸ್ಟ್ರಿಯಾ ಮಾತು ಮುರಿದು ಬೋಸ್ನಿಯಾವನ್ನು ತನ್ನದೆಂದು ಘೋಷಿಸಿತು. ಆದರೆ ಒಡೆತನ ಸುಲ್ತಾನರದೆಂದು ಲಿಖಿತದಲ್ಲಿ ಇತ್ತಲ್ಲ, ಸುಮ್ಮನೆ ನುಂಗುವಂತಿರಲಿಲ್ಲ. 1909ರಲ್ಲಿ, ಅಲ್ಲಿನ ಸರ್ಕಾರಿ ಆಸ್ತಿಯ ಬಾಬ್ತು ಎಂದು ಹೇಳಿ, ಅದು ಇಸ್ತಾಂಬುಲ್‌ಗೆ 25 ಲಕ್ಷ ತುರ್ಕಿ ಲಿರಾ ತೆತ್ತಿತು.