ಗೆಜ್ಜೆ ಕಟ್ಟುವ ಜಾಗದ ನರ

ಕೇಳುಗರಿಗೆಲ್ಲ ನಮಸ್ಕಾರ.

ಮದುವೆ ಮನೆಗೆ ಹೋದ ಕೂಡಲೇ ಊಟದ ಹಾಲ್ ಎಲ್ಲಿ ಅಂತ ಕೇಳುವ ಮೊದಲು ಟಾಯ್ಲೆಟ್ ಎಲ್ಲಿ ಅಂತ ನೋಡಿಕೊಳ್ಳುವವರು ಎಷ್ಟೋ ಮಂದಿ. ದೂರದ ಬಸ್ಸು ಹತ್ತುವ ದಿನ ಬೆಳಗ್ಗಿನಿಂದ ನೀರೇ ಮುಟ್ಟದವರೂ ಇದ್ದಾರೆ. ಒಂದಕ್ಕೆ ಬಂತು ಅನ್ನಿಸಿದರೆ ಎರಡು ನಿಮಿಷ ತಡೆಯಲಾಗದು. ಕೆಲವರಿಗೆ ಎರಡಕ್ಕೂ ಅದೇ ಪಾಡು. ಕೆಮ್ಮಿದಾಗ, ಸೀನಿದಾಗ ಸೋರುವುದು ಬೇರೆ ತೊಂದರೆ; ಇವತ್ತಿನ ಮಾತು ಅದರದ್ದಲ್ಲ.

ಮೂತ್ರಕೋಶವನ್ನೂ ಗುದದ್ವಾರವನ್ನೂ ಆಳುವ ನರಗಳು ಬೆನ್ನಿನ ತುದಿಯ ತ್ರಿಕಾಸ್ಥಿಯ ರಂಧ್ರಗಳಿಂದ ಹೊರಬರುತ್ತವೆ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಮಿಲ್ ತನಾಘೊ, ರಿಚರ್ಡ್ ಶ್ಮಿತ್ ಎಂಬ ವೈದ್ಯರು ಈ ಅವಸರ ತಗ್ಗಿಸಲು ಅಲ್ಲಿನ ಮೂರನೆಯ ನರದ ಪಕ್ಕ ತಂತಿ ಇಟ್ಟು ಸಣ್ಣ ಕರೆಂಟು ಹರಿಸಿದರು. ನರ ಸರಿಯಾಗಿ ಸಿಕ್ಕಿತೇ ಎಂದು ತಿಳಿಯಲು ಕಾಲಿನ ಹೆಬ್ಬೆರಳನ್ನೂ ನೋಡುತ್ತಾರೆ: ಅದು ಮಡಚಿಕೊಂಡರೆ ಸಿಕ್ಕಿತು ಅಂತ. ಅಮೆರಿಕದಲ್ಲಿ 1997ರಲ್ಲಿ ಮೂತ್ರದ ತೊಂದರೆಗೆ, 2011ರಲ್ಲಿ ಮಲ ತಡೆಯಲಾಗದವರಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಪೃಷ್ಠದ ಚರ್ಮದಡಿ ಬ್ಯಾಟರಿ ಹೂಳಬೇಕು. ಆಪರೇಷನ್ನು, ಖರ್ಚು, ಭಯ.

ಆ ಹೆಬ್ಬೆರಳೇ ಇನ್ನೊಂದು ದಾರಿಗೂ ಕೈಮರ. ಕಾಲಿಗಿಳಿಯುವ ಟಿಬಿಯಲ್ ನರ ಹುಟ್ಟುವುದೂ ಒಂದಷ್ಟು ಮಟ್ಟಿಗೆ ಅದೇ ಬೇರುಗಳಿಂದ. ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವ ಜಾಗದಿಂದ ಮೂರು ಬೆರಳು ಮೇಲೆ, ಒಳಮಗ್ಗುಲಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿ ವಾರಕ್ಕೊಮ್ಮೆ ಅರ್ಧ ಗಂಟೆ, 12 ವಾರ ಕರೆಂಟು ಕೊಡುತ್ತಾರೆ. ಮೂತ್ರಕೋಶಕ್ಕೆ ಕಾಲಿನಿಂದ ಚಿಕಿತ್ಸೆ! ಕೇಳಿದರೆ ನಗು ಬರುವುದು ಸಹಜ.

ಹಾಗಾಗಿಯೇ, ಗುಣ ನಿಜವೋ ಬರೀ ನಂಬಿಕೆಯೋ ಎಂದು ತಿಳಿಯಲು, ಸಂಶೋಧಕರು ಹುಸಿ ಸೂಜಿಯ ಮೊರೆಹೋದರು. ಅದು ಚರ್ಮದೊಳಗೆ ಇಳಿಯುವುದಿಲ್ಲ, ಚುಚ್ಚಿದ ಹಾಗೆ ಅನ್ನಿಸುತ್ತದೆ, ಅಷ್ಟೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ಸೂಜಿ ಪಡೆದವರಲ್ಲಿ ಶೇ. 54.5 ಮಂದಿಗೆ ಮೂತ್ರದ ಅವಸರ ತಗ್ಗಿ ಗುಣ ಕಂಡಿತು, ಹುಸಿ ಸೂಜಿಯವರಲ್ಲಿ ಶೇ. 20.9. ಆ ನರಕ್ಕೆ ಏನೂ ಕೊಡದೆಯೇ ಐದರಲ್ಲೊಬ್ಬರಿಗೆ ಗುಣ! 2015ರಲ್ಲಿ ಬ್ರಿಟನ್ನಿನವರು ಇದನ್ನೇ ಮಲ ತಡೆಯಲಾಗದವರ ಮೇಲೆ ನೋಡಿದರು: ಶೇ. 38, ಹುಸಿಯಲ್ಲಿ ಶೇ. 31. ಈ ಅಂತರ ಲೆಕ್ಕಕ್ಕೆ ನಿಲ್ಲಲಿಲ್ಲ; ಆಕಸ್ಮಿಕವೂ ಇರಬಹುದು. ಒಂದೇ ನರ, ಒಂದೇ ಸೂಜಿ. ಒಂದಕ್ಕೆ ಹಿಡಿದದ್ದು ಎರಡಕ್ಕೆ ಹಿಡಿಯಲಿಲ್ಲ.

ಈಗ ವಾರವಾರ ಆಸ್ಪತ್ರೆಗೆ ಅಲೆಯುವುದನ್ನು ತಪ್ಪಿಸುವತ್ತ ಎಲ್ಲರ ಗಮನ. 2022ರಲ್ಲಿ ಇದೇ ನರಕ್ಕೆ ಕರೆಂಟು ಕೊಡುವ ನಾಣ್ಯದಷ್ಟು ಸಾಧನವೊಂದನ್ನು ಕಾಲಿನ ಚರ್ಮದಡಿ ಇಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2023ರಲ್ಲಿ ಬಂದ ಇನ್ನೊಂದಕ್ಕೆ ಒಳಗೆ ಬ್ಯಾಟರಿಯೇ ಇಲ್ಲ. ಗೆಜ್ಜೆಯ ಜಾಗದಲ್ಲಿ ಪಟ್ಟಿ ಕಟ್ಟಿಕೊಂಡರೆ ಆ ಪಟ್ಟಿಯೇ ಅದಕ್ಕೆ ಶಕ್ತಿ ಕೊಡುತ್ತದೆ. ಸೂಜಿಯೂ ಬೇಡ, ಚರ್ಮದ ಮೇಲೆ ಅಂಟಿಸುವ ಪ್ಯಾಡ್ ಸಾಕು ಎನ್ನುವವರೂ ಇದ್ದಾರೆ. ನಮ್ಮಂಥವರ ಜೇಬಿಗೆ ಹೊಂದುವುದು ಅದೇ ಅಂತ ನನಗೂ ಆಸೆಯಿತ್ತು. ಆದರೆ ಬ್ರಿಟನ್ನಿನ ವೃದ್ಧಾಶ್ರಮಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಆ ಪ್ಯಾಡ್ ಹುಸಿಯನ್ನು ಮೀರಲಿಲ್ಲ. ಆನ್‌ಲೈನಿನಲ್ಲಿ ಇಂಥ ಯಂತ್ರ ಕಂಡು ತರಿಸುವ ಮುನ್ನ ಇದು ನೆನಪಿರಲಿ.

ಯಾವ ಚಿಕಿತ್ಸೆಯೇ ಆಗಲಿ, ಮೊದಲ ಮೆಟ್ಟಿಲು ಮಲಮೂತ್ರ ಹಿಡಿದಿಡುವ ಸ್ನಾಯುಗಳ ವ್ಯಾಯಾಮ, ಮೂತ್ರ ತಡೆಯುವ ಅಭ್ಯಾಸ, ಬೇಕಾದರೆ ಮಾತ್ರೆ. ಡಾಕ್ಟರ ಬಳಿ ಹೋಗುವ ಮುಂಚೆ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ನೀರು ಕುಡಿದಿರಿ, ಎಷ್ಟು ಹೊತ್ತಿಗೆ ಎದ್ದು ಹೋದಿರಿ, ಎಲ್ಲಿ ತಡೆಯಲಾಗಲಿಲ್ಲ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಆ ಹಾಳೆಯನ್ನೇ ಮೇಜಿನ ಮೇಲಿಡಿ.

ನಮಸ್ಕಾರ.